ಗಾಳಿ ಹೊರುವ ಮೇಸ್ತ್ರಿಯೂ ಹಲ್ಲಿನ ಡಾಕ್ಟರ ಮೀನಿನ ತೊಟ್ಟಿಯೂ

ನಿಧಾನ ಮೇಸ್ತ್ರಿಗೆ ಆ ಹೆಸರು ಇಟ್ಟವರು ಯಾರೋ ಗೊತ್ತಿಲ್ಲ. ಹೆಂಡತಿಯೇ ಇಟ್ಟಿದ್ದು ಅಂತ ಕೆಲವರು. ಅವಳು ಇಟ್ಟವಳಲ್ಲ, ಅನುಭವಿಸಿದವಳು ಅಂತ ಇನ್ನು ಕೆಲವರು. ಜನರ ಮನೆಯ ಭಾರದ ಸಾಮಾನುಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದು ಮೂವತ್ತೆರಡು ವರ್ಷದಿಂದ ಅವರ ಕಸುಬು. ಬೀರು, ಫ್ರಿಜ್ಜು, ಆಳೆತ್ತರದ ಕನ್ನಡಿ, ಅಂಗಡಿಯ ಗಾಜಿನ ಕಪಾಟು, ಏನಿದ್ದರೂ ಸರಿ. ಮೇಸ್ತ್ರಿ ಅನ್ನಿಸಿಕೊಂಡ ಮೇಲೆ ಅವರ ಕೈಯಲ್ಲಿ ಒಂದು ಲೋಟ ಕೂಡ ಒಡೆದಿಲ್ಲ. ಈ ಮಾತನ್ನು ಅವರು ತಾವಾಗಿ ಎಂದೂ ಹೇಳಿಕೊಳ್ಳುವುದಿಲ್ಲ. ಎದುರಿಗಿದ್ದವರು ಕೇಳುವ ಹಾಗೆ ಮಾಡಿ, ಕೇಳಿದ ಮೇಲೆ ಹೇಳುತ್ತಾರೆ.

ಅವರ ಗುಟ್ಟು ಒಂದೇ. ಏನನ್ನೇ ಹೊರುವುದಕ್ಕೆ ಮುಂಚೆ ಅವರು ಗಾಳಿ ಹೊರಿಸುತ್ತಾರೆ. ಸಾಮಾನು ಸಾಗಿಸುವ ಹಿಂದಿನ ದಿನವೇ ನಾಲ್ಕು ಆಳುಗಳನ್ನು ಕರೆದುಕೊಂಡು ಆ ಮನೆಗೆ ಹೋಗಿಬಿಡುತ್ತಾರೆ. ನಾಲ್ವರೂ ನಾಲ್ಕು ಮೂಲೆಗೆ ನಿಲ್ಲಬೇಕು, ನಡುವೆ ಬೀರು ಇದೆ ಅಂದುಕೊಳ್ಳಬೇಕು, ಬರಿಗೈಯಲ್ಲಿ ಅದನ್ನು ಎತ್ತಬೇಕು. ಮೇಸ್ತ್ರಿ ಮುಂದೆ ನಿಂತು ಕೂಗುತ್ತಾರೆ. "ಎತ್ತಿ. ಇರ್ರಪ್ಪಾ. ಬಲಕ್ಕೆ ಒಂದು ಹೆಜ್ಜೆ. ಇರ್ರಪ್ಪಾ. ಈಗ ಮೆಟ್ಟಿಲು." ನಾಲ್ಕು ಜನ ಗಟ್ಟಿಮುಟ್ಟಾದ ಗಂಡಸರು ಏನೂ ಇಲ್ಲದ್ದನ್ನು ಹೊತ್ತುಕೊಂಡು, ಮುಖ ಕಿವುಚಿಕೊಂಡು ಮೆಟ್ಟಿಲು ಹತ್ತುವುದನ್ನು ನೋಡಲು ಬೀದಿಯ ಜನವೆಲ್ಲ ಕಿಟಕಿಗೆ ಬರುತ್ತಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತ ನಗುತ್ತಾರೆ. ನಗುವವರು ನಗಲಿ, ಮೇಸ್ತ್ರಿ ಇನ್ನೊಂದು ಸಲ ಹೊರಿಸುತ್ತಾರೆ.

ಈ ಅಭ್ಯಾಸ ಸುಮ್ಮನೆ ಬಂದದ್ದಲ್ಲ. ಇನ್ನೂ ಮೀಸೆ ಸರಿಯಾಗಿ ಮೂಡದ ಕಾಲದಲ್ಲಿ ಅವರು ಬೇರೆಯವರ ಕೈಕೆಳಗೆ ಒಂದು ದೊಡ್ಡ ಕನ್ನಡಿ ಹೊತ್ತಿದ್ದರು. ತಿರುವಿನಲ್ಲಿ ಒಬ್ಬ ಎಡಕ್ಕೆ ಅಂದ, ಇನ್ನೊಬ್ಬ ಬಲಕ್ಕೆ ಅಂದ. ಕನ್ನಡಿ ಇಬ್ಬರ ಮಾತನ್ನೂ ಕೇಳಿತು. ಆವತ್ತು ಮನೆಯ ಯಜಮಾನಿ ಬಯ್ಯಲಿಲ್ಲ, ಚೂರುಗಳ ಮುಂದೆ ಕೂತು ಅತ್ತುಬಿಟ್ಟರು. ಬೈದಿದ್ದರೆ ಮರೆತುಹೋಗುತ್ತಿತ್ತು. ಅಂದಿನಿಂದ ಮೇಸ್ತ್ರಿ ಎರಡು ಕಟ್ಟಳೆ ಮಾಡಿಕೊಂಡರು. ಒಂದು, ಗಾಳಿ ಹೊರದೆ ಸಾಮಾನು ಹೊರಬಾರದು. ಎರಡು, ದಾರಿ ಯಾರ ತಲೆಯಲ್ಲಿದೆಯೋ ಅವರೊಬ್ಬರೇ ಕೂಗಬೇಕು, ಮಿಕ್ಕವರ ಬಾಯಿಗೆ ಬೀಗ. ಆಮೇಲೆ ಮೂರನೆಯದೂ ಸೇರಿಕೊಂಡಿತು. ಒಮ್ಮೆ ಎತ್ತಿದ ಗಾಜು ತನ್ನ ಜಾಗ ಸೇರುವ ತನಕ ನೆಲ ಮುಟ್ಟಬಾರದು, ಯಾಕೆಂದರೆ ದಪ್ಪ ಗಾಜಿನ ತಳ ಸೀಳುವುದಕ್ಕೆ ಸಾಸಿವೆಯಷ್ಟು ಕಲ್ಲು ಸಾಕು.

ಕೆಲಸದಲ್ಲಿ ಇದ್ದದ್ದು ಮನೆಯಲ್ಲೂ ಇಲ್ಲದೆ ಹೋಗುತ್ತದೆಯೇ? ತಮ್ಮ ಮದುವೆಯ ಹಿಂದಿನ ದಿನ ಅವರು ಒಬ್ಬರೇ ಮದುವೆ ಮನೆಗೆ ಹೋಗಿ, ಬಾಗಿಲಿನಿಂದ ಮದುಮಗನ ಕುರ್ಚಿಯ ತನಕ ಎರಡು ಸಲ ನಡೆದು ನೋಡಿ ಬಂದಿದ್ದರಂತೆ. ಹೆಂಡತಿ ಬಸುರಿಯಾದಾಗ ಆಸ್ಪತ್ರೆಯ ದಾರಿಯನ್ನು ಮೂರು ಸಲ ಟ್ಯಾಕ್ಸಿಯಲ್ಲಿ ಅಳೆದರು, ಪಕ್ಕದ ಸೀಟಿನಲ್ಲಿ ದಿಂಬು ಕೂರಿಸಿಕೊಂಡು. ಇಷ್ಟೆಲ್ಲ ಮಾಡಿದ ಮೇಲೆ ಮಗಳು ಆಸ್ಪತ್ರೆಯ ತನಕ ಕಾಯಲಿಲ್ಲ, ದಾರಿಯಲ್ಲಿ, ಆ ಟ್ಯಾಕ್ಸಿಯಲ್ಲೇ ಹುಟ್ಟಿದಳು. ಆಗಲೇ ಮೇಸ್ತ್ರಿ ತೀರ್ಮಾನಿಸಿದ್ದರು, ಇವಳು ಕಾಲಿಗೆ ಚಕ್ರ ಕಟ್ಟಿಕೊಂಡು ಬಂದವಳು ಅಂತ.

ಆ ಮಗಳಿಗೆ ಈಗ ಇಪ್ಪತ್ತೊಂಬತ್ತು. ಎಂಟು ವರ್ಷದಿಂದ ಅಪ್ಪನ ವ್ಯಾನು ಓಡಿಸುವವಳು ಅವಳೇ, ಗಿರಾಕಿಗಳ ಜೊತೆ ಮಾತಾಡುವವಳು ಅವಳೇ, ಹೊರುವ ಪಟ್ಟಿ, ಹಗ್ಗ, ಕಂಬಳಿ ಎಲ್ಲವನ್ನೂ ಜೋಪಾನ ಮಾಡುವವಳೂ ಅವಳೇ. ಅವಳಿಗೆ ಬೇಕಾದದ್ದು ಒಂದೇ, ಕೂಗು. ಮುಂದೆ ನಿಂತು ಕೂಗುವ ಕೆಲಸ. ಕೇಳಿದಾಗಲೆಲ್ಲ ಅಪ್ಪ "ಇರು" ಅಂದರು. ಎಂಟು ವರ್ಷ ಅಂದರು. ಹೆಂಡತಿಯದ್ದೂ ಅದೇ ರಾಗ. "ರೀ, ಮಂಡಿ ಎರಡೂ ಕೆಟ್ಟಿವೆ, ಅವಳಿಗೆ ಕೊಟ್ಟು ಕೂತ್ಕೊಳ್ಳಿ" ಅಂತ. ಅದಕ್ಕೆ ಮೇಸ್ತ್ರಿ "ಇದೊಂದು ಮುಗೀಲಿ" ಅನ್ನುವರು. ಹಿಂದಿನ ಏಳು ಕೆಲಸಕ್ಕೂ ಹೀಗೇ ಅಂದಿದ್ದರು.

ಮಗಳಿಗೆ ಆತುರ ಜಾಸ್ತಿ ಅನ್ನುವುದು ಅವರು ಊರಿಗೆಲ್ಲ ಹೇಳುತ್ತಿದ್ದ ಕಾರಣ. ಅದು ಸುಳ್ಳೇನೂ ಅಲ್ಲ. ಆದರೆ ಒಳಗೆ ಇನ್ನೊಂದಿತ್ತು, ಅದನ್ನು ಹೆಂಡತಿಗೂ ಹೇಳಿರಲಿಲ್ಲ. ಕೂಗು ಕೊಟ್ಟುಬಿಟ್ಟರೆ ತಾನು ಏನು? ಎರಡು ಕೆಟ್ಟ ಮಂಡಿ, ಹೆಗಲ ಮೇಲೊಂದು ಟವೆಲ್ಲು, ಅಷ್ಟೇ. ಅದನ್ನು ನೆನೆದರೆ ಮೇಸ್ತ್ರಿಗೆ ನಿಜವಾಗಿಯೂ ಭಯವಾಗುತ್ತಿತ್ತು.

ಆಗ ಬಂದದ್ದು ಹಲ್ಲಿನ ಡಾಕ್ಟರ ಕೆಲಸ. ಡಾಕ್ಟರು ಇಪ್ಪತ್ತಾರು ವರ್ಷ ನಡೆಸಿದ ಕ್ಲಿನಿಕ್ಕನ್ನು ಮುಚ್ಚುತ್ತಿದ್ದರು. ಕುರ್ಚಿ ಬೆಂಚು ಎಲ್ಲ ಕೊಟ್ಟುಬಿಟ್ಟಿದ್ದರು, ಹೊರಗಿನ ಕೋಣೆಯಲ್ಲಿದ್ದ ಮೀನಿನ ತೊಟ್ಟಿಯನ್ನು ಮಾತ್ರ ಕೊಡಲಿಕ್ಕೆ ಮನಸ್ಸು ಬಂದಿರಲಿಲ್ಲ. ಅದನ್ನು ಮನೆಗೆ ಒಯ್ಯಬೇಕಿತ್ತು. ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ. ಬೆರಳು ದಪ್ಪದ ಗಾಜು, ನೀರಿಲ್ಲದೆಯೇ ನೂರೈವತ್ತು ಕಿಲೋ. ನೀರು ಆಳವಾಗಿ ಕಾಣಲಿ ಅಂತ ಹಿಂಬದಿಯ ಗಾಜಿಗೆ ಹೊರಗಿನಿಂದ ದಟ್ಟ ನೀಲಿ ಬಣ್ಣ ಬಳಿದಿತ್ತು. ನೀರು ಹೋಗುವ ಪೈಪಿನ ತೂತೂ ಅದೇ ಬದಿಯಲ್ಲಿ.

ತೊಟ್ಟಿಯಲ್ಲಿ ಹನ್ನೊಂದು ಮೀನು. ಅವುಗಳಲ್ಲಿ ಹಿರಿಯದು ಕಿತ್ತಳೆ ಬಣ್ಣದ ಒಂದು ದಪ್ಪ ಮೀನು, ವಯಸ್ಸು ಹದಿನಾಲ್ಕು, ಹೆಸರು ಕಾಂಪೌಂಡರ್. ರೋಗಿಗಳು ಬಂದು ಕೂತರೆ ಸಾಕು, ಅದು ಗಾಜಿನ ಹತ್ತಿರ ಬಂದು ಅವರನ್ನೇ ನೋಡುತ್ತ ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ಒಳಗೆ ಹೋದ ಮೇಲೆ ಏನು ಮಾಡಬೇಕು ಅಂತ ಮೊದಲೇ ತೋರಿಸಿಕೊಡುವ ಹಾಗೆ. ಮೇಸ್ತ್ರಿಯೂ ಒಮ್ಮೆ ದವಡೆ ಹಲ್ಲು ಕೀಳಿಸಿಕೊಳ್ಳಲು ಅಲ್ಲಿಗೆ ಹೋಗಿದ್ದವರೇ. ಸೂಜಿಗೆ ಹೆದರಿ ಎದ್ದು ಹೊರಟಿದ್ದ ಅವರನ್ನು ಕಾಂಪೌಂಡರೇ ತಡೆದು ಕೂರಿಸಿತ್ತು. ಆದ್ದರಿಂದ ಡಾಕ್ಟರು ಕೇಳಿದ ಕೂಡಲೇ ಒಪ್ಪಿಕೊಂಡರು. ಮನೆಯಲ್ಲಿ ಮಾಮೂಲಿನಂತೆ "ಇದೊಂದು ಮುಗೀಲಿ" ಅಂದರು.

ಡಾಕ್ಟರ ಮನೆ ಎರಡು ಬೀದಿ ಆಚೆ, ಎರಡನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ. ತೊಟ್ಟಿ ಎಲ್ಲಿ ಇಡಬೇಕು ಅನ್ನುವುದು ಡಾಕ್ಟರ ಹೆಂಡತಿಯ ತೀರ್ಮಾನ. ಇಪ್ಪತ್ತಾರು ವರ್ಷ ಗಂಡನನ್ನು ಆ ತೊಟ್ಟಿಯ ಜೊತೆ ಹಂಚಿಕೊಂಡಿದ್ದ ಅವರು ಮನೆಯ ಹಾಲ್ ಅನ್ನೂ ಹಂಚಿಕೊಳ್ಳಲು ಸಿದ್ಧರಿರಲಿಲ್ಲ. ಹಾಲ್ ದಾಟಿದ ಮೇಲೆ ಮಲಗುವ ಕೋಣೆಗೆ ಹೋಗುವ ಓಣಿಯಂಥ ಜಾಗವೊಂದಿತ್ತು, ಐದಡಿ ಅಗಲದ್ದು. "ಅಲ್ಲಿ ಗೋಡೆಗೆ ಒತ್ತಿ ಇಟ್ಕೊಳ್ಳಿ. ನನ್ನ ಸೋಫಾ ಒಂದಿಂಚೂ ಅಲ್ಲಾಡ್ಬಾರ್ದು" ಅಂದರು.

ಹಿಂದಿನ ದಿನ ಗಾಳಿ ಹೊರುವ ಕಾರ್ಯಕ್ರಮ ನಡೆಯಿತು. ಮುಂದಿನ ಎರಡು ಮೂಲೆಗೆ ಉದ್ದಣ್ಣ ಮತ್ತು ಗುಂಡಣ್ಣ. ಇಬ್ಬರ ಹೆಸರೂ ಆಕಾರ ನೋಡಿ ಇಟ್ಟದ್ದು. ಹಿಂದಿನ ಮೂಲೆಗಳಿಗೆ ಭಾವ ಮತ್ತು ಮೈದುನ. ಅವರು ನಿಜವಾಗಿ ಒಬ್ಬರಿಗೊಬ್ಬರು ಭಾವ ಮೈದುನರೇ, ಆದರೆ ಈಗ ಲೋಕಕ್ಕೆಲ್ಲ ಹಾಗೇ ಆಗಿಬಿಟ್ಟಿದ್ದರು. ಐದು ಸಲ ಹೊತ್ತರು. ಮೆಟ್ಟಿಲಿನ ತಿರುವಿನಲ್ಲಿ ಆರಡಿ ಉದ್ದದ ಗಾಳಿ ಸಿಕ್ಕಿಹಾಕಿಕೊಂಡಿತು. ಒಂದು ತುದಿಯನ್ನು ಮೆಟ್ಟಿಲ ಪಕ್ಕದ ಕಟಕಟೆಯ ಮೇಲಿಂದ ದಾಟಿಸಬೇಕು ಅಂತ ಮೇಸ್ತ್ರಿ ಕಂಡುಹಿಡಿದರು. ಗುಂಡಣ್ಣ ಅದಕ್ಕೆ ಅಭ್ಯಾಸ ಮಾಡಿ ಮಾಡಿ, ಏನೂ ಇಲ್ಲದ್ದನ್ನು ಹೊತ್ತು ನಿಜವಾಗಿಯೂ ಬೆವರಿದ. ಕೆಳಮನೆಯ ಅಜ್ಜಿ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು ಐದೂ ಸಲ ನೋಡಿದರು.

ಐದನೇ ಸಲ ಓಣಿಯಲ್ಲಿ ಹಾಕಿಟ್ಟಿದ್ದ ಹೊಸ ಸ್ಟ್ಯಾಂಡಿನ ಮೇಲೆ ಗಾಳಿಯನ್ನು ಇಳಿಸುವಾಗ ಮಗಳು ಕೇಳಿದಳು.

"ಅಪ್ಪಾ, ಇದರ ಮುಖ ಯಾವ ಕಡೆ?"

"ಯಾವುದರದ್ದು?"

"ಟ್ಯಾಂಕಿಂದು. ನಾವು ಹಿಡ್ಕೊಂಡಿರೋದ್ರಲ್ಲಿ ಮುಂದೆ ಯಾವುದು, ಹಿಂದೆ ಯಾವುದು?"

"ಗಾಳಿಗೆ ಎಲ್ಲಿದೆಯಮ್ಮಾ ಮುಖ?" ಅಂದರು ಮೇಸ್ತ್ರಿ. ಆಳುಗಳು ನಕ್ಕರು. "ಇರು, ಎಲ್ಲದಕ್ಕೂ ಆತುರ ನಿಂಗೆ. ಮೆಟ್ಟಿಲು ದಾಟಿದ್ರೆ ಮುಗೀತು."

ಮರುದಿನ ಬೆಳಿಗ್ಗೆ ಕ್ಲಿನಿಕ್ಕಿನಲ್ಲಿ ನೀರು ತೆಗೆದರು. ಅರ್ಧ ನೀರನ್ನು ಚೆಲ್ಲದೆ ಮುಚ್ಚಳದ ಡ್ರಮ್ಮುಗಳಿಗೆ ತುಂಬಿದರು, ಯಾಕೆಂದರೆ ಮೀನಿಗೆ ಹೊಸ ನೀರು ಒಮ್ಮೆಲೇ ಒಗ್ಗುವುದಿಲ್ಲ. ಎರಡು ಡ್ರಮ್ಮಿಗೆ ಮೀನುಗಳನ್ನು ಬಿಟ್ಟು, ಬ್ಯಾಟರಿಯಿಂದ ಗಾಳಿಯೂದುವ ಪುಟ್ಟ ಯಂತ್ರ ಹಾಕಿದರು. ಕಲ್ಲು ಮರಳು ಎಲ್ಲ ಬಾಚಿ ತೆಗೆದರು. ಒಂದು ಹಿಡಿ ಮರಳು ಒಳಗಿದ್ದರೂ ಎತ್ತಕೂಡದು ಅಂತ ಮೇಸ್ತ್ರಿ ತಾವೇ ತಳವನ್ನು ಕೈಯಿಂದ ಸವರಿ ನೋಡಿದರು. ಭಾವ ಮೈದುನರು ತೊಟ್ಟಿಗೆ ಕಂಬಳಿ ಸುತ್ತಿ, ಮೇಲೆ ರಟ್ಟು ಕಟ್ಟಿ, ಹಗ್ಗ ಬಿಗಿದರು. ರಟ್ಟಿನ ಮೇಲೆ ಮೇಸ್ತ್ರಿ ಸೀಮೆಸುಣ್ಣದಲ್ಲಿ ದೊಡ್ಡದಾಗಿ 'ಮೇಲೆ' ಅಂತ ಬರೆದು ಬಾಣ ಹಾಕಿದರು. ತಲೆಕೆಳಗಾಗುವ ಭಯ ಅವರಿಗೆ ಯಾವಾಗಲೂ ಇತ್ತು. ಹಿಂದುಮುಂದಾಗುವುದು ನೆನಪಿಗೇ ಬರಲಿಲ್ಲ.

ಎರಡು ಬೀದಿ ದಾಟಲು ಮಗಳು ಅರ್ಧ ಗಂಟೆ ತೆಗೆದುಕೊಂಡಳು. ಒಂದು ಸೈಕಲ್ಲು, ಒಬ್ಬ ಪೇಪರಿನವನು ಮತ್ತು ಒಂದು ನಾಯಿ ವ್ಯಾನನ್ನು ಹಿಂದೆ ಹಾಕಿ ಹೋದವು. ಮೇಸ್ತ್ರಿಗೆ ಸಂತೋಷವಾಯಿತು, ಬಾಯಿ ಬಿಟ್ಟು ಹೇಳಲಿಲ್ಲ. ಡ್ರಮ್ಮುಗಳನ್ನು ಮೊದಲು ಮೇಲೆ ಸಾಗಿಸಿ ಬಾಲ್ಕನಿಯಲ್ಲಿ ಇಟ್ಟರು.

ಮೆಟ್ಟಿಲ ಮೇಲೆ ಮೇಸ್ತ್ರಿಯನ್ನು ನೀವು ನೋಡಬೇಕಿತ್ತು. ಹಿಮ್ಮುಖವಾಗಿ ಒಂದೊಂದೇ ಮೆಟ್ಟಿಲು ಹತ್ತುತ್ತ, ಒಂದು ಕೈ ಕಟಕಟೆಯ ಮೇಲೆ, ಇನ್ನೊಂದು ಕೈ ಗಾಳಿಯಲ್ಲಿ. ದನಿ ಏರಲಿಲ್ಲ, ಇಳಿಯಲಿಲ್ಲ. "ಉದ್ದಣ್ಣ, ತಗ್ಗಿಸು. ಇರ್ರಪ್ಪಾ. ಗುಂಡಣ್ಣ, ಕಟಕಟೆ ಬಂತು, ಎತ್ತು. ಇರ್ರಪ್ಪಾ, ಉಸಿರು ತಗೊಳ್ಳಿ." ನೂರೈವತ್ತು ಕಿಲೋ ಗಾಜು ಅವರ ಬಾಯಿಯ ಹಿಂದೆ ಕರು ಬಂದ ಹಾಗೆ ಬಂತು. ತಿರುವಿನಲ್ಲಿ ಮೈದುನನ ಮಣಿಕಟ್ಟು ಸ್ವಲ್ಪ ಹೊರಳಿತು, ಆದರೆ ಅವನು ಬಾಯಿ ಬಿಡಲಿಲ್ಲ, ಬಿಡುವಂತೆಯೂ ಇರಲಿಲ್ಲ. ಹಾಲ್ ದಾಟಿತು, ಸೋಫಾ ಒಂದಿಂಚೂ ಅಲ್ಲಾಡಲಿಲ್ಲ. ಓಣಿ ಬಂತು. ಸ್ಟ್ಯಾಂಡಿನ ಮೇಲೆ ಹಾಸಿದ್ದ ಥರ್ಮಾಕೋಲಿನ ಮೇಲೆ ತೊಟ್ಟಿ ಕೂತಿತು. ಸಮವಾಗಿ ಕೂತಿದೆಯೇ ಅಂತ ಮೇಸ್ತ್ರಿ ರಸಮಟ್ಟ ಇಟ್ಟು ನೋಡಿದರು. ಅದರ ಗುಳ್ಳೆ ನಟ್ಟನಡುವೆ ನಿಂತಿತ್ತು.

"ಒಂದು ಗೀರೂ ಬಿದ್ದಿಲ್ಲ, ಡಾಕ್ಟ್ರೇ" ಅಂದರು ಮೇಸ್ತ್ರಿ. ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡು, ಯಾರಾದರೂ ಕೇಳಲಿ ಅಂತ ಒಂದು ಕ್ಷಣ ಕಾದರು. "ಬಿಚ್ಚಿ."

ಹಗ್ಗ ಬಿಚ್ಚಿದರು. ರಟ್ಟು ತೆಗೆದರು. ಕಂಬಳಿ ಎಳೆದರು.

ನೀಲಿ.

ಆರಡಿ ಉದ್ದಕ್ಕೂ ದಟ್ಟ ನೀಲಿ. ಅದರಾಚೆ ಏನಿದೆ ಅಂತ ಯಾರಿಗೂ ಕಾಣುವಂತಿರಲಿಲ್ಲ, ಗೋಡೆಯೊಂದನ್ನು ಬಿಟ್ಟು.

ಡಾಕ್ಟರ ಹೆಂಡತಿ ಹತ್ತಿರ ಬಂದು ನೋಡಿ, "ಒಳ್ಳೇದಾಯ್ತು ಬಿಡಿ. ಮೀನು ಗೋಡೆ ನೋಡ್ಕೊಂಡಿರುತ್ತೆ, ನಾನು ನೀಲಿ ನೋಡ್ಕೊಂಡಿರ್ತೀನಿ. ಇಬ್ಬರಿಗೂ ನೆಮ್ಮದಿ" ಅಂದರು.

ಮೇಸ್ತ್ರಿಯ ಮೂವತ್ತೆರಡು ವರ್ಷದ ಹೆಸರು ಕಣ್ಣ ಮುಂದೆ ನೀಲಿಯಾಗಿ ನಿಂತಿತ್ತು. ಮಗಳ ಕಡೆ ನೋಡಲಿಕ್ಕೆ ಧೈರ್ಯ ಬರಲಿಲ್ಲ. ನೋಡಿದರೆ ಅವಳು ನಿನ್ನೆಯ ಮಾತು ಎತ್ತಿಯಾಳು ಅಂತ. ಅವಳು ಎತ್ತಲಿಲ್ಲ. ಎತ್ತಿದ್ದರೇ ವಾಸಿಯಿತ್ತು ಅನ್ನಿಸಿತು.

"ಬಣ್ಣ ಕೆರೆದು ಆ ಕಡೆಗೆ ಬಳಿದುಬಿಟ್ರೆ?" ಅಂದ ಗುಂಡಣ್ಣ.

"ಪೈಪಿನ ತೂತನ್ನೂ ಕೆರೆದು ಆ ಕಡೆಗೆ ಹಾಕ್ತೀಯಾ?" ಅಂದ ಉದ್ದಣ್ಣ.

ತಿರುಗಿಸಬೇಕು, ಬೇರೆ ದಾರಿಯಿಲ್ಲ. ಐದಡಿಯ ಓಣಿಯಲ್ಲಿ ಆರಡಿಯ ತೊಟ್ಟಿ ತಿರುಗದು. ಹಾಲಿಗೆ ತಂದರೆ ಸೋಫಾ ಮತ್ತು ಊಟದ ಮೇಜಿನ ನಡುವೆ ಇರುವುದು ಎಂಟಡಿ. ತೊಟ್ಟಿ ತಿರುಗೀತು, ಅದರ ತುದಿಗಳನ್ನು ಹೊತ್ತ ಮನುಷ್ಯರು ಎಲ್ಲಿ ತಿರುಗಬೇಕು? ಮೇಸ್ತ್ರಿ ಮನಸ್ಸಿನಲ್ಲೇ ಅಳೆದು, ಕೂಡಿಸಿ, ಕಳೆದು, ಕೊನೆಗೆ ಹೇಳಿದರು. "ಕೆಳಗೆ ಒಯ್ಯಬೇಕು. ಬೀದಿಯಲ್ಲಿ ತಿರುಗಿಸಿ ಮತ್ತೆ ತರಬೇಕು. ಇಳಿಯೋದನ್ನ ನಾವು ಹೊತ್ತು ನೋಡಿಲ್ಲ. ಮೊದಲು ಎರಡು ಸಲ ಗಾಳಿ ಹೊರೋಣ."

ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೈದುನ ಮೆಲ್ಲಗೆ ತನ್ನ ಕೈ ಮುಂದೆ ಚಾಚಿದ. ಮಣಿಕಟ್ಟು ಬನ್ನಿನ ಹಾಗೆ ಊದಿತ್ತು. ಅದೇ ಹೊತ್ತಿಗೆ ಬಾಲ್ಕನಿಯಿಂದ ಡಾಕ್ಟರ ದನಿ ಬಂತು.

"ಮೇಸ್ತ್ರಿ, ಬ್ಯಾಟರಿ ನಿಂತುಹೋಗಿದೆ. ಕಾಂಪೌಂಡರ್ ಮೇಲೆ ಬಂದು ಬಾಯಿ ಬಿಡ್ತಿದಾನೆ."

ಎಲ್ಲರೂ ಓಡಿ ಹೋಗಿ ನೋಡಿದರು. ಡ್ರಮ್ಮಿನ ನೀರಿನ ಮೇಲೆ ಕಾಂಪೌಂಡರ್ ಅರ್ಧ ವಾಲಿಕೊಂಡು ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ಯಾರಿಗೂ ಕಲಿಸಲಿಕ್ಕಲ್ಲ, ಈ ಸಲ ತನಗೇ ಬೇಕಾಗಿ. ಡಾಕ್ಟರು ಡ್ರಮ್ಮಿನ ಪಕ್ಕ ಮಣೆ ಹಾಕಿಕೊಂಡು ಕೂತು, ಮಗ್ಗಿನಲ್ಲಿ ನೀರು ಮೊಗೆದು ಎತ್ತರದಿಂದ ಸುರಿಯುತ್ತಿದ್ದರು. ನೀರಿಗೆ ಗಾಳಿ ಸೇರಲಿ ಅಂತ. ಈ ಡ್ರಮ್ಮಿಗೆ ಹತ್ತು ಮಗ್ಗು, ಆ ಡ್ರಮ್ಮಿಗೆ ಹತ್ತು ಮಗ್ಗು. ಸಾವಿರಾರು ಹಲ್ಲು ಕಿತ್ತ ಕೈ ಅದು, ಮಗ್ಗು ಬಿಡಲಿಲ್ಲ.

"ತೊಟ್ಟಿ ತುಂಬೋಕೆ ಎಷ್ಟು ಹೊತ್ತು ಬೇಕು?" ಅಂತ ಮಗಳು ಕೇಳಿದಳು.

"ಒಂದು ಗಂಟೆ" ಅಂದರು ಡಾಕ್ಟರು. "ಅಷ್ಟು ಹೊತ್ತು ಸುರೀತೀನಮ್ಮ. ಅದಕ್ಕಿಂತ ಜಾಸ್ತಿ ನನ್ನ ಕೈಲಾಗಲ್ಲ."

ಅವರ ಹೆಂಡತಿ ಒಳಗೆ ಹೋಗಿ, ಇನ್ನೊಂದು ಮಗ್ಗು ತಂದು ಗಂಡನ ಎದುರಿಗೆ ಕೂತರು.

ಮಗಳು ಅಪ್ಪನ ಹತ್ತಿರ ಬಂದಳು. "ಅಪ್ಪ, ಕೆಳಗೆ ಬೇಡ. ಹಾಲಲ್ಲೇ ಆಗುತ್ತೆ. ಹೊತ್ಕೊಂಡು ತಿರುಗಿಸಿದ್ರೆ ತಾನೆ ಜಾಗ ಸಾಲದು? ಇಟ್ಟು ತಿರುಗಿಸೋಣ."

"ನೆಲಕ್ಕಾ?"

"ನೆಲಕ್ಕಲ್ಲ. ಈ ಮನೆ ಅಮ್ಮಾವ್ರ ದಪ್ಪ ಜಮಖಾನ ಹಾಸೋಣ. ಅದರ ಮೇಲೆ ವ್ಯಾನಿನಲ್ಲಿರೋ ನಮ್ಮ ಹಲಗೆ, ಹಲಗೆ ಮೇಲೆ ಥರ್ಮಾಕೋಲು, ಅದರ ಮೇಲೆ ಟ್ಯಾಂಕು. ಗಾಜು ಎಲ್ಲೂ ನೆಲ ಮುಟ್ಟಲ್ಲ. ಜಮಖಾನದ ನಾಲ್ಕು ಮೂಲೆ ಹಿಡಿದು ಸುತ್ತಿಸಿದ್ರೆ ನಯವಾದ ನೆಲದ ಮೇಲೆ ತಾನಾಗಿ ತಿರುಗುತ್ತೆ. ಆರಡಿ ಮೇಲೆ ಒಂದು ಗೇಣು ಜಾಗ ಇದ್ರೆ ಸಾಕು. ಎಂಟಡಿ ಇದೆ."

ಮೇಸ್ತ್ರಿ ತಪ್ಪು ಹುಡುಕಿದರು. ಜಮಖಾನದಲ್ಲಿ ಹುಡುಕಿದರು, ಹಲಗೆಯಲ್ಲಿ ಹುಡುಕಿದರು, ನೆಲದಲ್ಲಿ ಹುಡುಕಿದರು. ಸಿಗಲಿಲ್ಲ. ಒಂದಾದರೂ ಸಿಕ್ಕಿದ್ದರೆ "ಇರು" ಅಂದುಬಿಡಬಹುದಿತ್ತು.

"ನೀನು ಕೂಗು ಅಪ್ಪ" ಅಂದಳು ಮಗಳು, ತೋಳು ಮಡಚಿಕೊಳ್ಳುತ್ತ. "ಮೈದುನನ ಮೂಲೆ ನಾನು ಹಿಡೀತೀನಿ."

ಅಲ್ಲಿಗೆ ಎಲ್ಲ ಸರಿಯಾಗುತ್ತಿತ್ತು. ಹೆಸರು ಉಳಿಯುತ್ತಿತ್ತು, ಕೂಗೂ ಉಳಿಯುತ್ತಿತ್ತು. ಆದರೆ ದಾರಿ ಯಾರ ತಲೆಯಲ್ಲಿದೆಯೋ ಅವರೇ ಕೂಗಬೇಕು ಅಂತ ಕಟ್ಟಳೆ ಮಾಡಿದವರು ಯಾರು? ಬಾಲ್ಕನಿಯಲ್ಲಿ ಎರಡು ಮಗ್ಗಿನ ನೀರು ಸುರಿಯುವ ಸದ್ದು ಕೇಳುತ್ತಿತ್ತು. ಮೇಸ್ತ್ರಿ ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಮಗಳ ಕೈಗೆ ಕೊಟ್ಟರು.

"ದಾರಿ ನಿನ್ನ ತಲೇಲಿದೆ. ನೀನು ಕೂಗು" ಅಂದರು. "ಮೂಲೆ ನಾನು ಹಿಡೀತೀನಿ."

"ಮೇಸ್ತ್ರಿ, ನಿಮ್ಮ ಮಂಡಿ" ಅಂದ ಉದ್ದಣ್ಣ.

"ಮಂಡಿ ನಂದು. ನೀನು ನಿನ್ನ ಮೂಲೆ ನೋಡ್ಕೋ."

ಮಗಳು ಹಾಲನ್ನು ಎರಡು ಸಲ ಗುಡಿಸಿದಳು. ಆಮೇಲೆ ಮಂಡಿಯೂರಿ ಕೂತು, ಅಂಗೈಯಿಂದ ನೆಲವನ್ನೆಲ್ಲ ಸವರಿದಳು. ಜಮಖಾನ ಕೊಡವಿ ಹಾಸಿ ಅದನ್ನೂ ಸವರಿದಳು, ಹಲಗೆಯನ್ನೂ ಸವರಿದಳು. ಬೇಗ ಆಗಲಿ ಅಂತ ಮೇಸ್ತ್ರಿಗೇ ಅನ್ನಿಸತೊಡಗಿತು. ಅದು ಅವರಿಗೆ ಹೊಸದು.

ಪಟ್ಟಿಯನ್ನು ಹೆಗಲಿಗೆ ಏರಿಸಿಕೊಂಡು ಎತ್ತಿದಾಗ ಮೇಸ್ತ್ರಿಗೆ ಇನ್ನೊಂದು ಹೊಸದು ತಿಳಿಯಿತು. ಮೂಲೆಯಲ್ಲಿ ನಿಂತವನಿಗೆ ಏನೂ ಕಾಣುವುದಿಲ್ಲ. ಕೆನ್ನೆಗೆ ಒತ್ತಿಕೊಂಡ ತಣ್ಣನೆಯ ಗಾಜು, ಅದರ ಮೇಲೆ ತನ್ನದೇ ಉಸಿರಿನ ಮಂಜು, ಅದರಾಚೆ ನೀಲಿ. ಬಾಗಿಲು ಎಲ್ಲಿ, ಸೋಫಾ ಎಲ್ಲಿ, ಒಂದೂ ಗೊತ್ತಾಗದು. ಇರುವುದೊಂದೇ, ಕೂಗು. ಮೂವತ್ತೆರಡು ವರ್ಷ ಈ ನಾಲ್ವರೂ ಹೀಗೆ ಕುರುಡಾಗಿ ತನ್ನ ದನಿಯನ್ನು ನಂಬಿ ನಡೆದಿದ್ದಾರೆ ಅಂತ ಅವರಿಗೆ ಈಗ ಹೊಳೆಯಿತು.

"ಗುಂಡಣ್ಣ, ಒಂದು ಹೆಜ್ಜೆ ಹಿಂದೆ. ಭಾವ, ನೀವು ನಿಂತಲ್ಲೇ. ಅಪ್ಪ, ಎಡಗಾಲು." ಮಗಳ ದನಿ ಏರಲಿಲ್ಲ, ಇಳಿಯಲಿಲ್ಲ. ಓಣಿ ದಾಟಿದ್ದು ಕಾಲಿಗೆ ಗೊತ್ತಾಯಿತು. ಹಾಲಿನ ನಡುವೆ ಬರುವಷ್ಟರಲ್ಲಿ ಮೇಸ್ತ್ರಿಯ ಮಂಡಿ ತಡತಡ ಅನ್ನತೊಡಗಿತ್ತು. ಇನ್ನು ತಡೆಯಲಿಕ್ಕೆ ಆಗುವುದಿಲ್ಲ ಅನ್ನಿಸಿತು. ಬಾಯಿಂದ ತಾನಾಗಿ ಮಾತು ಬಂದುಬಿಟ್ಟಿತು.

"ಇಳಿಸೋಣ, ಇಳಿಸೋಣ, ಬೇಗ."

"ಇರಪ್ಪಾ" ಅಂದಳು ಮಗಳು. "ಕೂಗೋದು ಒಬ್ಬರೇ."

ಭಾವ ಗಾಜಿನ ಆಚೆಯಿಂದ ಕಿಸಕ್ಕೆಂದು ನಕ್ಕಿದ್ದು ಕೇಳಿಸಿತು. ಮೇಸ್ತ್ರಿ ಬಾಯಿ ಮುಚ್ಚಿಕೊಂಡರು. "ಅರ್ಧ ಹೆಜ್ಜೆ ಬಲಕ್ಕೆ" ಅಂದಳು. ಅರ್ಧ ಹೆಜ್ಜೆ ಇಟ್ಟರು. "ಈಗ ಇಳಿಸಿ. ಮೆಲ್ಲಗೆ. ಅಪ್ಪನ ಮೂಲೆ ಮೊದಲು." ತಮ್ಮ ಮೂಲೆಯನ್ನು ಯಾಕೆ ಮೊದಲು ಇಳಿಸಲು ಹೇಳಿದಳು ಅಂತ ಅವರಿಗೆ ಗೊತ್ತಾಯಿತು. ಮಂಡಿ ನಡುಗುತ್ತಿದ್ದದ್ದು ಅವಳಿಗೆ ಮುಂದಿನಿಂದ ಕಾಣುತ್ತಿತ್ತು. ಮುಂದೆ ನಿಂತವರಿಗೆ ಅಲ್ಲವೇ ಕಾಣುವುದು.

ಜಮಖಾನದ ನಾಲ್ಕು ಮೂಲೆ ಹಿಡಿದು ಸುತ್ತಿಸಿದರು. ತೊಟ್ಟಿ ಹಾಲಿನ ನಡುವೆ ಅರ್ಧ ಸುತ್ತು ತಿರುಗಿ ನಿಂತಿತು. ಸೋಫಾಕ್ಕೂ ಅದಕ್ಕೂ ಒಂದು ಗೇಣು ಉಳಿದಿತ್ತು. ಮತ್ತೆ ಎತ್ತಿ, ಓಣಿಗೆ ಒಯ್ದು, ಸ್ಟ್ಯಾಂಡಿನ ಮೇಲೆ ಕೂರಿಸಿದರು. ಈ ಸಲ ರಸಮಟ್ಟ ಇಟ್ಟವಳು ಮಗಳು. ಗುಳ್ಳೆ ನಡುವೆ ನಿಂತಿದ್ದನ್ನು ನೋಡಿಯೂ, ಇನ್ನೊಂದು ಕಡೆ ಇಟ್ಟು ಮತ್ತೊಮ್ಮೆ ನೋಡಿದಳು. ಮೇಸ್ತ್ರಿ ಗೋಡೆಗೆ ಒರಗಿ ಕೂತುಬಿಟ್ಟರು.

ತಳಕ್ಕೆ ಒಂದು ತಟ್ಟೆ ಇಟ್ಟು, ಅದರ ಮೇಲೆ ಹಳೆಯ ನೀರನ್ನು ಮೆಲ್ಲಗೆ ಬಿಟ್ಟರು. ಅರ್ಧ ತುಂಬುವ ಹೊತ್ತಿಗೆ ಡಾಕ್ಟರು ಇನ್ನು ಕಾಯಲಾರದೆ ಕಾಂಪೌಂಡರನ್ನು ಎರಡೂ ಕೈಯಲ್ಲಿ ಎತ್ತಿ ತಂದು ಬಿಟ್ಟರು. ಅದು ತಳಕ್ಕೆ ಹೋಗಿ ಒಂದು ಮೂಲೆಯಲ್ಲಿ ಅಲ್ಲಾಡದೆ ನಿಂತಿತು. ಡಾಕ್ಟರ ಹೆಂಡತಿ ಒದ್ದೆ ಮಗ್ಗನ್ನು ಕೈಯಲ್ಲೇ ಹಿಡಿದು ನಿಂತಿದ್ದರು. "ಏ, ಬಾರೋ" ಅಂದರು, ಗಂಡನಿಗೆ ಕೇಳಿಸದ ಹಾಗೆ. ಗಂಡನಿಗೆ ಕೇಳಿಸಿತು. ಸ್ವಲ್ಪ ಹೊತ್ತಾದ ಮೇಲೆ ಬಾಲ ಅಲ್ಲಾಡಿತು. ಕಾಂಪೌಂಡರ್ ನಿಧಾನವಾಗಿ ಮುಂದಿನ ಗಾಜಿನ ಹತ್ತಿರ ಬಂದು, ಗೋಡೆಗೊರಗಿ ಕೂತಿದ್ದ ಮೇಸ್ತ್ರಿಯನ್ನು ನೋಡಿ ಬಾಯಿ ತೆರೆಯಿತು. ಮೇಸ್ತ್ರಿಯ ಬಾಯಿ ಆಗಲೇ ತೆರೆದಿತ್ತು.

ಡಾಕ್ಟರು ಅಭ್ಯಾಸ ಬಲದಿಂದ ಬಗ್ಗಿ ನೋಡಿದರು. "ಎಡಗಡೆ ಮೇಲಿನ ದವಡೆ ಹಲ್ಲು ಹಾಳಾಗಿದೆ, ಮೇಸ್ತ್ರಿ. ಕ್ಲಿನಿಕ್ ಮುಚ್ಚೋಕೆ ಮುಂಚೆ ಬರಬಾರ್ದಿತ್ತಾ?"

ಮನೆಗೆ ಹೋದಾಗ ಹೆಂಡತಿ ಹೆಗಲ ಮೇಲಿನ ಪಟ್ಟಿಯ ಕೆಂಪು ಬರೆಯನ್ನು ನೋಡಿಬಿಟ್ಟಳು. "ಹೊತ್ರಾ?"

"ಒಂದೇ ಮೂಲೆ."

"ಮತ್ತೆ ಕೂಗಿದ್ದು ಯಾರು?"

ಮೇಸ್ತ್ರಿ ಬಿಸಿನೀರಿನ ಚೀಲ ಕೇಳಿದರು. ಹೆಂಡತಿ ಮಗಳ ಹೆಗಲ ಮೇಲಿದ್ದ ಟವೆಲ್ಲನ್ನು ನೋಡಿ ನೀರು ಕಾಯಿಸಲು ಹೋದಳು. ಆ ರಾತ್ರಿ ಮೇಸ್ತ್ರಿಗೆ ಸಂಕಟವೂ ಆಯಿತು, ಹೆಮ್ಮೆಯೂ ಆಯಿತು. ಎರಡರಲ್ಲಿ ಯಾವುದು ಹೆಚ್ಚು ಅಂತ ತೂಗಿ ನೋಡುವಷ್ಟರಲ್ಲಿ ನಿದ್ದೆ ಬಂತು.

ಮುಂದಿನ ವಾರದ ಕೆಲಸ ಒಬ್ಬ ಟೈಲರಮ್ಮನ ಗಾಜಿನ ಬಾಗಿಲಿನ ಕಪಾಟು. ಹಿಂದಿನ ದಿನ ಎಲ್ಲರೂ ಗಾಳಿ ಹೊರಲು ಹೋದರು. ನಾಲ್ವರು ನಾಲ್ಕು ಮೂಲೆಗೆ ನಿಂತರು. ಮಗಳು ಟವೆಲ್ಲು ಹೆಗಲಿಗೆ ಹಾಕಿಕೊಂಡು ಮುಂದೆ ಬಂದಳು. ಮೇಸ್ತ್ರಿ ಎಲ್ಲಿ ನಿಲ್ಲಬೇಕೋ ತಿಳಿಯದೆ ಬಾಗಿಲ ಪಕ್ಕ ನಿಂತರು. ಎರಡು ಕೆಟ್ಟ ಮಂಡಿ. ಟವೆಲ್ಲೂ ಇಲ್ಲ.

"ಅಪ್ಪ, ಅಲ್ಲಲ್ಲ, ಇಲ್ಲಿ" ಅಂದಳು ಮಗಳು. ವ್ಯಾನಿನಿಂದ ಒಂದು ಚೌಕದ ರಟ್ಟು ತಂದು ಅವರ ಕೈಗೆ ಕೊಟ್ಟಳು. ಅದರ ಮೇಲೆ ಅವಳ ಅಕ್ಷರದಲ್ಲಿ ದೊಡ್ಡದಾಗಿ 'ಮುಖ' ಅಂತ ಬರೆದಿತ್ತು. ಉದ್ದಣ್ಣ ಮತ್ತು ಭಾವನ ನಡುವೆ, ಗಾಳಿಯ ಒಂದು ಪಕ್ಕಕ್ಕೆ ಅವರನ್ನು ನಿಲ್ಲಿಸಿದಳು. "ಇದು ಯಾವ ಕಡೆ ನೋಡ್ತಿದೆ ಅನ್ನೋದು ಇನ್ಮೇಲೆ ನಿನ್ನ ಜವಾಬ್ದಾರಿ. ಇದಿಲ್ಲದೆ ಏನನ್ನೂ ಎತ್ತಲ್ಲ."

ಗುಂಡಣ್ಣ ನಗು ತಡೆಯಲು ಮೀಸೆ ಕಚ್ಚಿಕೊಂಡ. ಮೇಸ್ತ್ರಿ ರಟ್ಟನ್ನು ತಿರುಗಿಸಿ ನೋಡಿದರು, ಎದೆಗೆ ಒತ್ತಿ ನೆಟ್ಟಗೆ ಹಿಡಿದರು, ಅಕ್ಷರ ಓರೆಯಾಗಿದೆಯೇ ಅಂತ ಬಗ್ಗಿ ನೋಡಿ ಸರಿಮಾಡಿಕೊಂಡರು. "ಎತ್ತಿ" ಅಂತ ಮಗಳು ಕೂಗಿದಳು. ಐವರೂ ಬೀದಿಯಲ್ಲಿ ಹೊರಟರು, ನಾಲ್ವರು ಗಾಳಿ ಹೊತ್ತು, ಒಬ್ಬರು ಅದರ ಮುಖ ಹೊತ್ತು.

ಟೈಲರಮ್ಮ ಕಿಟಕಿಯಿಂದ ಇಣುಕಿದರು. "ಏನ್ ಮೇಸ್ತ್ರಿ, ಕೊನೆಗೆ ಬರೀ ರಟ್ಟು ಹೊರೋ ಹಾಗಾಯ್ತಾ?"

"ಸ್ವಲ್ಪ ಸುಮ್ನಿರಮ್ಮಾ" ಅಂದರು ಮೇಸ್ತ್ರಿ, ತಲೆ ತಿರುಗಿಸದೆ. "ಮಗಳು ಕೂಗ್ತಿದಾಳೆ. ಕೇಳಿಸ್ಬೇಕು."